ನಮ್ಮ ವೆಬ್‌ಸೈಟಿನ ಕನ್ನಡ ಪುಟಗಳು ಹಾಳಾದ ಬಗ್ಗೆ ದೂರು

ಇವರಿಂದ: ಕಾರ್ಯದರ್ಶಿ, ಯಕ್ಷಗಾನ ಸಂಘ, ಕುಂಬಳೆ, ಕಾಸರಗೋಡು ಜಿಲ್ಲೆ
ಇವರಿಗೆ: ವ್ಯವಸ್ಥಾಪಕರು, ವೆಬ್‌ಸೈಟ್ ವಿಭಾಗ

ಮಾನ್ಯರೇ,

ನೀವು ಸರ್ವರ್ ಬದಲಾಯಿಸಿದ ಮೇಲೆ ನಮ್ಮ ಸಂಘದ ವೆಬ್‌ಸೈಟಿನ ಕನ್ನಡವೆಲ್ಲ ಪ್ರಶ್ನೆಚಿಹ್ನೆಗಳಾಗಿವೆ. ನಮ್ಮೂರಿನ ಯಕ್ಷಗಾನ ಕವಿ ಪಾರ್ತಿಸುಬ್ಬನ ಬಗ್ಗೆ ಇದ್ದ ಲೇಖನ ತೆರೆದರೆ ಸಾಲುಸಾಲಾಗಿ "????? ???" ಅಂತ ಕಾಣುತ್ತದೆ. ಫೋನ್ ನಂಬರು, ಇಂಗ್ಲಿಷ್ ಅಕ್ಷರ ಮಾತ್ರ ಸರಿಯಾಗಿವೆ. ಹಾಗಾಗಿಯೇ ನಿಮ್ಮವರ ಕಣ್ಣಿಗೆ ಇದು ಬಿದ್ದಿಲ್ಲ ಅನಿಸುತ್ತದೆ.

ಫೋನ್ ಮಾಡಿದಾಗ ಕನ್ನಡ ಫಾಂಟ್ ಹಾಕಿಕೊಳ್ಳಿ ಎಂದಿರಿ. ಫಾಂಟ್ ಇಲ್ಲದಿದ್ದರೆ ಚೌಕಗಳು ಕಾಣುತ್ತವೆ, ಪ್ರಶ್ನೆಚಿಹ್ನೆ ಅಲ್ಲ. ಡೇಟಾಬೇಸನ್ನು ಎಲ್ಲ ಭಾಷೆಯ ಅಕ್ಷರಗಳೂ ಹಿಡಿಸುವ ಯುಟಿಎಫ್-8 ಸಂಕೇತದ ಬದಲು ಕನ್ನಡವೇ ಇಲ್ಲದ ಲ್ಯಾಟಿನ್-1ರಲ್ಲಿ ಇಟ್ಟು ಕನ್ನಡ ತುಂಬಿಸಿದರೆ ಹೀಗಾಗುತ್ತದೆ. ಒಮ್ಮೆ ಪ್ರಶ್ನೆಚಿಹ್ನೆಯಾಗಿ ಸೇವ್ ಆದದ್ದು ಮತ್ತೆ ಅಕ್ಷರವಾಗುವುದಿಲ್ಲ. ಹಳೆಯ ಬ್ಯಾಕಪ್‌ನಿಂದಲೇ ತರಬೇಕು. ದಯವಿಟ್ಟು ಆ ಬ್ಯಾಕಪ್ ಅಳಿಸಬೇಡಿ. ತೀರಿಹೋದ ಹಿರಿಯ ಭಾಗವತರೊಬ್ಬರು ಹೇಳಿ ಬರೆಸಿದ ನೆನಪುಗಳು ಆ ಪುಟಗಳಲ್ಲಿವೆ. ಅವನ್ನು ಇನ್ನೊಮ್ಮೆ ಯಾರನ್ನು ಕೇಳಿ ಬರೆಯುವುದು?

ಸಿಎಂಎಸ್, ಅಂದರೆ ವೆಬ್‌ಸೈಟಿಗೆ ಬರಹ ಹಾಕಿ ತಿದ್ದುವ ತಂತ್ರಾಂಶ, ಆರಿಸುವಾಗಲೇ ನಾವು ವರ್ಡ್‌ಪ್ರೆಸ್ ಸಾಕು ಎಂದಿದ್ದೆವು. 2003ರಿಂದ ಇರುವ ತಂತ್ರಾಂಶ, ದುಡ್ಡು ಕೊಡಬೇಕಿಲ್ಲ, ಅದು ಗೊತ್ತಿರುವ ಹುಡುಗರು ಮಂಗಳೂರಲ್ಲೂ ಕಾಸರಗೋಡಲ್ಲೂ ಸಿಗುತ್ತಾರೆ. ನೀವು ಮಾತ್ರ ನಿಮ್ಮದೇ ಸಿಎಂಎಸ್ ಜಾಸ್ತಿ ಸುರಕ್ಷಿತ ಎಂದು ಒಪ್ಪಿಸಿದಿರಿ. ಈಗ ಅದನ್ನು ಬಲ್ಲವರು ನಿಮ್ಮ ಆಫೀಸಿನ ಹೊರಗೆ ಒಬ್ಬರೂ ಇಲ್ಲ. ದೀಪಾವಳಿ ಕಳೆದು ಮೇಳದ ತಿರುಗಾಟ ಶುರುವಾದರೆ ಮೇ ಕೊನೆಯ ಪತ್ತನಾಜೆವರೆಗೂ ಆಟದ ಜಾಗ, ದಿನ ಬದಲಾಗುತ್ತಲೇ ಇರುತ್ತವೆ. ಒಂದು ತಾರೀಕು ತಿದ್ದಲು ನಿಮಗೆ ಮೇಲ್ ಹಾಕಿ ಕಾಯಬೇಕು, ಅದಕ್ಕೆ ಬೇರೆ ಬಿಲ್ಲು. ಅಷ್ಟರಲ್ಲಿ ಜನ ಹಳೆಯ ಜಾಗಕ್ಕೆ ಹೋಗಿ ಸುಮ್ನೆ ವಾಪಸ್ ಬಂದಿರುತ್ತಾರೆ. ವರ್ಡ್‌ಪ್ರೆಸ್ ಆಗಿದ್ದರೆ ವೇಷ ಕಟ್ಟುವ ಚೌಕಿಯಲ್ಲಿ ಕೂತೇ ಮೊಬೈಲಿನಲ್ಲಿ ತಿದ್ದಬಹುದಿತ್ತು, ಅಲ್ವಾ? ಬರಹವನ್ನೆಲ್ಲ ಒಟ್ಟಿಗೆ ಹೊರಗೆ ತೆಗೆಯಲು ಅದರಲ್ಲಿ ಎಕ್ಸ್‌ಪೋರ್ಟ್ ಸೌಲಭ್ಯವಿದೆ. ನಿಮ್ಮದರಲ್ಲಿ ಅದೂ ಇಲ್ಲ.

ಮೊದಲು ಬ್ಯಾಕಪ್‌ನಿಂದ ಕನ್ನಡ ಪುಟಗಳನ್ನು ಸರಿಮಾಡಿ. ಆಮೇಲೆ ಎಲ್ಲ ಬರಹ, ಫೋಟೋಗಳನ್ನು ನಮ್ಮ ಕೈಗೆ ಕೊಡಿ. ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸ, ಇನ್ನೂ ನಿಮ್ಮ ಹೆಸರಲ್ಲೇ ಇದೆ, ಅದನ್ನು ಸಂಘದ ಹೆಸರಿಗೆ ಮಾಡಿಕೊಡಿ. ನಾವು ವರ್ಡ್‌ಪ್ರೆಸ್‌ಗೆ ಹೋಗಲು ನಿರ್ಧರಿಸಿದ್ದೇವೆ. ಹಾಗಾಗಿ ನಿರ್ವಹಣೆಗೆಂದು ಮುಂಗಡ ಕೊಟ್ಟದ್ದರಲ್ಲಿ ಉಳಿದ ಹಣವನ್ನೂ ವಾಪಸ್ ಮಾಡಬೇಕು. 15 ದಿನದೊಳಗೆ ಲಿಖಿತ ಉತ್ತರ ಬಾರದಿದ್ದರೆ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇವೆ.

ಇಂತಿ,
ಕಾರ್ಯದರ್ಶಿ