ಸೀನಾ, ನೀನು ಆನ್‌ಲೈನ್ ಇರೋದು ನನಗೆ ಕಾಣುತ್ತೆ

ಪ್ರೀತಿಯ ಸೀನ,

ವಾಟ್ಸಾಪಿನಲ್ಲಿ ಉದ್ದಕ್ಕೆ ಬರೆದರೆ ನೀನು ಒಂದು ಹೆಬ್ಬೆಟ್ಟು ಒತ್ತಿ ಸುಮ್ಮನಾಗುತ್ತೀಯ. ಅದಕ್ಕೇ ಈ ಸಲ ಊರೆಲ್ಲ ನೋಡುವ ಹಾಗೆ ಬರೆಯುತ್ತಿದ್ದೇನೆ. ನಾಲ್ಕು ಜನ ಓದಿದರೆ ಮರ್ಯಾದೆಗಾದರೂ ಉತ್ತರ ಕೊಡುತ್ತೀಯ. ಓದುತ್ತಿರುವ ಆ ನಾಲ್ಕು ಜನಕ್ಕೂ ನಮಸ್ಕಾರ. ಇವನು ಸೀನ. ಹನುಮಂತನಗರದಲ್ಲಿ ಬೆಳೆದು, ಈಗ ಟೊರಾಂಟೊದಲ್ಲಿ ಕೂತು, ಬೆಂಗಳೂರು ಹಾಳಾಗಿಹೋಯ್ತು ಅಂತ ಇಲ್ಲೇ ಇರುವ ನನಗೆ ಹೇಳುವವನು. ಗೋಲ್‌ಕೀಪರ್ ವಿಷಯ ಎತ್ತಲ್ಲ ಕಣೋ, ಹೆದರಬೇಡ.

ವಿಷಯ ಸೋನಿ ಕಂಪನಿಯದು, ನಮ್ಮ ಪ್ಲೇಸ್ಟೇಷನ್ (ಪಿಎಸ್) ಮಾಡುವವರದು. ಮತ್ತೆ ಶುರು ಹಚ್ಚಿಕೊಂಡ ಅಂತ ಬೈಯಬೇಡ.

ದ ಲಾಸ್ಟ್ ಆಫ್ ಅಸ್ ಅನ್ನೋ ಆಟ 2013ರಲ್ಲಿ ಪಿಎಸ್3ಗೆ ಬಂತು. ಮರುವರ್ಷವೇ ಪಾಲಿಶ್ ಹಾಕಿ ಪಿಎಸ್4ಗೆ ಬಿಟ್ಟರು. 2022ರಲ್ಲಿ ಪಿಎಸ್5ಗೆ ಅದನ್ನೇ ಮತ್ತೆ ಕಟ್ಟಿ, ಪಾರ್ಟ್ 1 ಅಂತ ಹೆಸರಿಟ್ಟು, ಹೊಸ ಆಟದ ಪೂರ್ತಿ ಬೆಲೆಗೆ ಮಾರಿದರು. ಎರಡನೇ ಭಾಗ 2020ರದ್ದು. 2024ರ ಜನವರಿಗೆ ಅದಕ್ಕೂ ರೀಮಾಸ್ಟರ್. ಹೊರೈಜನ್ ಝೀರೋ ಡಾನ್ ಹಳೇ ರೂಪದಲ್ಲೇ ಇವತ್ತಿಗೂ ಕಣ್ಣಿಗೆ ಹಬ್ಬ. ಅದನ್ನೂ ಅದೇ ವರ್ಷ ಮತ್ತೆ ತಿದ್ದಿ ಬಿಟ್ಟರು. ನಿನ್ನೆಯ ಅನ್ನಕ್ಕೆ ಒಗ್ಗರಣೆ ಹಾಕಿದರೆ ಚಿತ್ರಾನ್ನ, ನನಗೂ ಇಷ್ಟವೇ. ಅದಕ್ಕೆ ಬಾಳೆಲೆ ಊಟದ ದುಡ್ಡು ಕೇಳಿದರೆ ಹೇಗೆ? ಇತ್ತ ಬ್ಲಡ್‌ಬೋರ್ನ್ ಆಟ ನುಣ್ಣಗೆ ಓಡಲಿ, ಸೆಕೆಂಡಿಗೆ 60 ಫ್ರೇಮ್ ಕೊಡ್ರಪ್ಪಾ ಅಂತ ಜನ ವರ್ಷಗಟ್ಟಲೆ ಗೋಗರೆದರು. ಪಿಎಸ್5 ಬಂದ ಮೇಲೂ ಪಾಪ ಅದು 30ರಲ್ಲೇ ಏದುಸಿರು ಬಿಡುತ್ತಾ ಓಡಿತು.

ಪಿಎಸ್5ಗಿಂತ ಹೆಚ್ಚು ಶಕ್ತಿಯ ಪಿಎಸ್5 ಪ್ರೋ ಕತೆ ಇನ್ನೂ ಮಜಾ. 2024ರ ಸೆಪ್ಟೆಂಬರ್‌ನಲ್ಲಿ ಅದರ ವಿನ್ಯಾಸದ ಮುಖ್ಯಸ್ಥ ಮಾರ್ಕ್ ಸರ್ನಿ ಬಂದು ತೋರಿಸಿದರು. 700 ಡಾಲರ್, ಡಿಸ್ಕ್ ಡ್ರೈವ್ ಬೇಕಿದ್ದರೆ ಅದಕ್ಕೆ ಬೇರೆ ದುಡ್ಡು. ಅದರಲ್ಲಿ ಓಡಿಸಿ ತೋರಿಸಿದ್ದೆಲ್ಲ ಹೆಚ್ಚುಕಮ್ಮಿ ನಾವು ಆಡಿ ಮುಗಿಸಿದ ಆಟಗಳೇ. ದೂರದಲ್ಲಿ ನಿಂತ ಜನ ಈಗ ಸ್ಪಷ್ಟವಾಗಿ ಕಾಣ್ತಾರಂತೆ. ನಮಗೆ ಆ ಭಾಗ್ಯವೂ ಸಿಗಲಿಲ್ಲ. ಅದರ ವೈಫೈಗೆ ಬೇಕಾದ 6 ಗಿಗಾಹರ್ಟ್ಸ್ ರೇಡಿಯೋ ತರಂಗಕ್ಕೆ ಇಲ್ಲಿ ಆಗಿನ್ನೂ ಅನುಮತಿ ಇರಲಿಲ್ಲ, ಹಾಗಾಗಿ ನವೆಂಬರ್ ಬಿಡುಗಡೆಯಲ್ಲಿ ಭಾರತದ ಹೆಸರೇ ಇರಲಿಲ್ಲ. ಗಲ್ಲಿಗೊಬ್ಬ ನೆಟ್‌ವರ್ಕ್ ಎಂಜಿನಿಯರ್ ಇರುವ ಊರಿಗೆ ವೈಫೈ ಕಾರಣ!

ನನ್ನ ಹೊಟ್ಟೆ ಉರಿದಿದ್ದು ಮಾತ್ರ ಇದಕ್ಕಲ್ಲ. 2021ರಲ್ಲಿ ತಮ್ಮದೇ ಆಟ ಮಾಡುವ ತಂಡ ಜಪಾನ್ ಸ್ಟುಡಿಯೋವನ್ನು ಒಡೆದು ಹಾಕಿದರು. ಏಪ್ ಎಸ್ಕೇಪ್, ಗ್ರಾವಿಟಿ ರಶ್, ನಿನ್ನ ಪ್ರಾಣವಾಗಿದ್ದ ಶಾಡೋ ಆಫ್ ದ ಕೊಲೋಸಸ್, ಎಲ್ಲದರಲ್ಲೂ ಅಲ್ಲಿಯವರ ಕೈ ಇತ್ತು. ಉಳಿದದ್ದು ಟೀಮ್ ಆಸೋಬಿ ಅನ್ನುವ ತಂಡ. 2024ರಲ್ಲಿ ಅವರು ಆಸ್ಟ್ರೋ ಬಾಟ್ ಮಾಡಿದರು, ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟ ಅನ್ನಿಸಿಕೊಂಡಿತು. ಅನ್ನಿಸಿಕೊಳ್ಳಲೇಬೇಕಿತ್ತು, ಅಷ್ಟು ಚೆಂದ. ಆದರೆ ಅದರ ತುಂಬ ಹಳೇ ಆಟಗಳ ವೇಷ ಹಾಕಿಕೊಂಡ ಪುಟಾಣಿ ರೋಬಾಟ್‌ಗಳು. ಒಂದೊಂದನ್ನೇ ಹುಡುಕಿ ಕಾಪಾಡಬೇಕು. ಏಪ್ ಎಸ್ಕೇಪ್ ಹೆಸರಲ್ಲಿ ಒಂದು ಲೆವೆಲ್ಲೇ ಇದೆ, ಬಲೆ ಹಿಡಿದು ಕೋತಿಗಳ ಹಿಂದೆ ಓಡಬೇಕು. ಓಡುವಾಗ ಜೋರಾಗಿ ನಕ್ಕೆ. ಮುಗಿದ ಮೇಲೆ ಒಂಥರಾ ಆಯ್ತು. ಮಾಡಿದವರನ್ನು ಮನೆಗೆ ಕಳಿಸಿ ಕೋತಿಗಳನ್ನು ಮಾತ್ರ ಇಟ್ಟುಕೊಂಡಿದ್ದಾರೆ, ಅಲ್ವಾ?

ಪಿಎಸ್2 ಕಾಲದಲ್ಲಿ ಇದೇ ಕಂಪನಿಗೆ ಎಷ್ಟು ಹುಚ್ಚಿತ್ತು ನೋಡು. ಟಿವಿ ಮೇಲೆ ಕ್ಯಾಮೆರಾ ಇಟ್ಟು ನಮ್ಮನ್ನೇ ಕುಣಿಸಿದರು. 2009ರಲ್ಲಿ ಇಲ್ಲಿಯವರಿಗೆ ಅಂತಲೇ ಹನುಮಾನ್ ಆಟ ತಂದರು. ಆಟ ಸುಮಾರಾಗಿತ್ತು, ಇರಲಿ, ಧೈರ್ಯ ಮಾಡಿದರಲ್ಲ. 16 ಕೋಟಿಗೂ ಹೆಚ್ಚು ಪಿಎಸ್2 ಮಾರಿದವರಿಗೆ ಈಗ ಯಾಕೆ ಇಷ್ಟು ಪುಕ್ಕಲು?

ಇನ್ನೂ ಬೈಯುವುದಿತ್ತು. ಅಷ್ಟರಲ್ಲಿ ಪ್ಲೇಸ್ಟೇಷನ್‌ಗೆ 30 ತುಂಬಿತು ಅಂತ 2024ರ ಡಿಸೆಂಬರ್‌ನಲ್ಲಿ ಪಿಎಸ್5ಗೆ ಹಳೇ ಥೀಮ್‌ಗಳನ್ನು ಹಾಕಿದ್ದು ನೆನಪಾಯಿತು. ಆನ್ ಮಾಡಿದರೆ ಮೊದಲ ಪ್ಲೇಸ್ಟೇಷನ್ನಿನ ಆ ಸದ್ದು! ಜನವರಿ ಕೊನೆಗೆ ತೆಗೆದುಬಿಟ್ಟರು. ಜನ ಬೊಬ್ಬೆ ಹೊಡೆದರು, ಏಪ್ರಿಲ್‌ನಲ್ಲಿ ಥೀಮ್‌ಗಳು ವಾಪಸ್ ಬಂದವು. ಬೊಬ್ಬೆ ಹೊಡೆದವರಲ್ಲಿ ನಾನೂ ಇದ್ದೆ. ಈಗಲೂ ನನ್ನದು ಪಿಎಸ್2 ಥೀಮೇ. ಅದನ್ನು ನೋಡಿದಾಗಲೆಲ್ಲ ನಿಮ್ಮ ಮನೆ ಹಾಲ್‌ನ ಟಿವಿಯಲ್ಲಿ, ಆ ನೀಲಿ ಕತ್ತಲಲ್ಲಿ ಏಳುತ್ತಿದ್ದ ಕಂಬಗಳು ಕಣ್ಣ ಮುಂದೆ ಬರುತ್ತವೆ. ಮೆಮರಿ ಕಾರ್ಡಿನಲ್ಲಿ ಆಟಗಳ ಲೆಕ್ಕ ಬೆಳೆದ ಹಾಗೆಲ್ಲ ಕಂಬಗಳೂ ಬೆಳೆಯುತ್ತಿದ್ದವು. ಇಬ್ಬರಿಗೂ ಸೇರಿ ಒಂದೇ 8 ಎಂಬಿ ಕಾರ್ಡು. ಯಾವ ಕಂಬ ನಿನ್ನದು, ಯಾವುದು ನನ್ನದು ಅಂತ ನಾವು ಜಗಳ ಆಡಿದ್ದೂ ಉಂಟು.

ಈಗ ಕೇಳು. ಭಾನುವಾರ ಬೆಳಿಗ್ಗೆ ನಾನು ಪಿಎಸ್5 ಹಾಕುವ ಹೊತ್ತಿಗೆ ನಿನಗೆ ಶನಿವಾರ ರಾತ್ರಿ. ನೀನು ಆನ್‌ಲೈನ್ ಇರುವುದು ಕಾಣುತ್ತದೆ. ಹೆಲ್‌ಡೈವರ್ಸ್ 2 ಆಡುತ್ತಿರುತ್ತೀಯ, ಬಾರೋ ಅಂತ ಮೆಸೇಜೂ ಹಾಕಿರುತ್ತೀಯ. ನಾನು ಆಫ್‌ಲೈನ್ ಅಂತ ತೋರಿಸಿಕೊಂಡು, ಒಬ್ಬನೇ ಕೂತು, ಯಾವುದೋ ಹಳೇ ಆಟ ಆಡುತ್ತೇನೆ. ನೆಟ್ ಸರಿಯಿಲ್ಲ ಅಂತ ನಿನಗೆ ಹೇಳಿದ್ದು ಸುಳ್ಳು. ನೆಟ್ ಚೆನ್ನಾಗಿಯೇ ಇದೆ.

ಫೋನಿನಲ್ಲಿ ನಾವು ಏನು ಮಾತಾಡುತ್ತೇವೆ ಯೋಚಿಸಿದ್ದೀಯಾ? ಮೆಜೆಸ್ಟಿಕ್ ಕಡೆ ತಂದ ಕಳ್ಳ ಸಿಡಿ, ಹಾಕಿದ ತಕ್ಷಣ ಬಂದ ಕೆಂಪು ಸ್ಕ್ರೀನ್, ನಿಮ್ಮಪ್ಪ ಫ್ಯೂಸ್ ಕಿತ್ತು ಜೇಬಲ್ಲಿಟ್ಟುಕೊಂಡು ಆಫೀಸಿಗೆ ಹೋಗಿದ್ದು. ಅದೇ ಕತೆಗಳು, ಅದೇ ಜಾಗದಲ್ಲಿ ನಗು. ಸೋನಿಯ ಕಾನ್ಕಾರ್ಡ್ ಏನಾಯ್ತು ಗೊತ್ತಲ್ಲ. ವರ್ಷಗಟ್ಟಲೆ ಕೂತು ಮಾಡಿದ ಹೊಸ ಆಟ, 2024ರ ಆಗಸ್ಟ್ 23ಕ್ಕೆ ಬಂತು, ಸೆಪ್ಟೆಂಬರ್ 6ಕ್ಕೆ ಬಾಗಿಲು ಹಾಕಿತು. ಆಗ ನಾನೂ ಮೀಮ್ ಹಂಚಿದೆ. ಈಗ ಸೋನಿಯವರ ಪುಕ್ಕಲುತನ ನನಗೆ ಚೆನ್ನಾಗಿಯೇ ಅರ್ಥ ಆಗುತ್ತೆ, ಅದೇ ಕಿರಿಕಿರಿ. ಇಬ್ಬರೂ ಹೆಡ್‌ಸೆಟ್ ಹಾಕಿಕೊಂಡು ಹೊಸ ಆಟಕ್ಕೆ ಕೂತು, ಮಾತಾಡೋಕೆ ಏನೂ ಇಲ್ಲ ಅಂತ ಗೊತ್ತಾಗಿಬಿಟ್ಟರೆ? ನಿನಗೆ ನನ್ನ ಜೋಕು ಹಿಡಿಸದೆ, ನಾಳೆ ಸಿಗೋಣ ಮಗಾ ಅಂತ ನೀನು ಮರ್ಯಾದೆಯಾಗಿ ಎದ್ದು ಹೋದರೆ?

ಇಷ್ಟೆಲ್ಲ ಬರೆಯುವ ಉದ್ದೇಶ ಇರಲಿಲ್ಲ. ಅಳಿಸೋಣ ಅಂದುಕೊಂಡೆ. ನೀನು ಇಲ್ಲಿಯವರೆಗೆ ಓದಿರೋದೇ ಅನುಮಾನ, ಅದಕ್ಕೇ ಬಿಟ್ಟಿದ್ದೇನೆ. ಓದುತ್ತಿರುವ ನಾಲ್ಕು ಜನ ದಯವಿಟ್ಟು ಸೋನಿಯನ್ನು ಬೈದ ಭಾಗವನ್ನಷ್ಟೇ ಹಂಚಿಕೊಳ್ಳಿ.

ಈ ಭಾನುವಾರ ಬರ್ತೀನಿ ಕಣೋ. ಹೆಲ್‌ಡೈವರ್ಸ್‌ನಲ್ಲಿ ನಮ್ಮ ಗುಂಡು ನಮ್ಮವರಿಗೂ ತಾಗುತ್ತಲ್ಲ? ಮೊದಲನೇ ಸಲ ಬಿದ್ದರೆ ಕೈ ಜಾರಿತು ಅಂತ ತಿಳ್ಕೋ. ಎರಡನೇ ಸಲ ಬಿದ್ದರೆ, ಜಯನಗರದ ಜಾಯ್‌ಸ್ಟಿಕ್ ಲೆಕ್ಕ ಚುಕ್ತಾ.

ಇಂತಿ ನಿನ್ನ,
ಎರಡನೇ ಕಂಟ್ರೋಲರ್