ಸಾಲವಿಲ್ಲ, ಬಳೆ ಬ್ಯಾಂಕಿನಲ್ಲಿದೆ

ಕಾರವಾರ

ಕೂಸೇ,

ನಿನ್ನ ಸಂಶೋಧನೆಯ ರೂಪರೇಖೆಯನ್ನು ಎರಡು ಸಲ ಓದಿದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರಿಕ ಮೀನುಗಾರಿಕೆ ನಿಷೇಧದಿಂದ ಮೀನು ಮಾರುವ ಹೆಂಗಸರು ಸಾಲಕ್ಕೆ ಬೀಳುತ್ತಾರೆಯೇ ಎಂಬ ಪ್ರಶ್ನೆ ನನಗೆ ತುಂಬಾ ಹಿಡಿಸಿತು. ಆದರೆ ಜುಲೈನಲ್ಲಿ ಮೀನು ಪೇಟೆಗೆ ಹೋಗಿ ಸಿಕ್ಕ ನೂರು ಮಂದಿಯನ್ನು ಕೇಳುತ್ತೇನೆ ಎಂದಿದ್ದೀಯಲ್ಲ, ಅದನ್ನು ನಾನು ಒಪ್ಪಲಾರೆ.

ಜುಲೈನಲ್ಲಿ ಪೇಟೆಯಲ್ಲಿ ಕೂರುವವರು ಯಾರು? ನಾಡದೋಣಿಯ ಮೀನೋ ಒಣಮೀನೋ ಹೇಗೋ ಹೊಂದಿಸಿಕೊಂಡವರು. ಬುಟ್ಟಿ ಮಗುಚಿಟ್ಟು ಮನೆಯಲ್ಲಿ ಕುಳಿತವಳು, ಗೋವೆಗೆ ಮನೆಗೆಲಸಕ್ಕೆ ಹೋದವಳು ಅಲ್ಲಿ ಇರುವುದೇ ಇಲ್ಲ. ಪೆಟ್ಟು ಜೋರಾಗಿ ಬಿದ್ದವರೇ ನಿನ್ನ ಲೆಕ್ಕದಿಂದ ತಪ್ಪಿಹೋಗುತ್ತಾರೆ. ನೂರನ್ನು ಐನೂರು ಮಾಡಿದರೂ ಇದು ಸರಿಹೋಗದು. ನೀನು ಇಲ್ಲೇ ಬಿಟ್ಟುಹೋದ ಪುಸ್ತಕದಲ್ಲಿತ್ತು: 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಕಾರ್ಡು ಕಳಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಅಧ್ಯಕ್ಷ ಚುನಾವಣೆಯಲ್ಲಿ ರೂಸ್‌ವೆಲ್ಟ್ ಎದುರು ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. ರೂಸ್‌ವೆಲ್ಟ್ 48 ರಾಜ್ಯಗಳ ಪೈಕಿ 46ರಲ್ಲಿ ಗೆದ್ದರು. ಹೆಸರುಗಳನ್ನು ಆರಿಸಿದ್ದು ಹೆಚ್ಚಾಗಿ ಫೋನು, ಕಾರು ಇದ್ದವರ ಪಟ್ಟಿಗಳಿಂದ. ಅವರಲ್ಲೂ ಬಹುಪಾಲು ಜನ ಉತ್ತರಿಸಲೇ ಇಲ್ಲ.

ನೀನು ಮನೆಗಳಿಂದ ಶುರುಮಾಡು. ಬೈತಖೋಲ, ಮಾಜಾಳಿ, ಮುದಗಾದಲ್ಲಿ ಮನೆಮನೆಯ ಪಟ್ಟಿ ಬರೆದುಕೊಂಡು ಚೀಟಿ ಎತ್ತು. ಬೀಗ ಹಾಕಿದ ಮನೆ ಬಂದರೆ ಪಕ್ಕದ ಮನೆಗೆ ಹೋಗಬೇಡ, ಅದೇ ಮನೆಗೆ ಸಂಜೆ ಮತ್ತೆ ಹೋಗು. 2011ರ ಜನಗಣತಿಯಲ್ಲಿ ಒಂದು ಬಾಗಿಲಿಗೆ ನಾನು ಮೂರು ಸಲ ಹೋದೆ. ಅವರು ನಸುಕಿನಲ್ಲಿ ಹೊರಟು ಕತ್ತಲಾದ ಮೇಲೆ ಮರಳುವ ಕೂಲಿಯವರು.

ಇನ್ನು ಪ್ರಶ್ನೆಯ ಮಾತು. ಅದೇ ಗಣತಿಯಲ್ಲಿ ಅಂಗಳದ ತುಂಬ ಮೀನು ಒಣಹಾಕಿ ಕಾಗೆ ಓಡಿಸುತ್ತಿದ್ದವಳನ್ನು "ಏನು ಕೆಲಸ?" ಎಂದು ಕೇಳಿದರೆ "ಕೆಲಸವಿಲ್ಲ, ಮನೆಯಲ್ಲೇ ಇರುತ್ತೇನೆ" ಎಂದಳು. ಮೊನ್ನೆ, ನಮ್ಮ ಮನೆಗೆ ಬಂಗಡೆ ತರುವವಳನ್ನು ನಿನ್ನ ಪ್ರಶ್ನೆಯನ್ನೇ ಕೇಳಿ ನೋಡಿದೆ. ಜಗುಲಿಯ ಮೇಲೆ ಬುಟ್ಟಿ ಇಳಿಸಿ, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ "ಸಾಲ ಗೀಲ ಏನೂ ಇಲ್ಲ ಅಕ್ಕೋರೇ" ಎಂದಳು. ಅವಳ ಕೈ ಬರಿದಾಗಿತ್ತು. ಬಳೆ ಎಲ್ಲಿ ಎಂದೆ. "ಬ್ಯಾಂಕಿನಲ್ಲಿದೆ, ಹೋದ ಮಳೆಗಾಲದಲ್ಲಿ ಇಟ್ಟದ್ದು." ಅವಳಿಗೆ ಅದು ಸಾಲವಲ್ಲ, ಒಡವೆ ಇಟ್ಟದ್ದು. ಸಂಘದ್ದು ಬೇರೆ, ಕೈಗಡ ಬೇರೆ, ಅಂಗಡಿಯ ಉದ್ರಿ ಬೇರೆ. ಒಂದೊಂದನ್ನೂ ಅದರ ಹೆಸರು ಹಿಡಿದು ಕೇಳು. ನಾಲ್ಕು ಜನರ ಎದುರು ಕೇಳಬೇಡ. ಕೊಂಕಣಿಯಲ್ಲೇ ಕೇಳು, ನಿನಗೆ ಬರುತ್ತದೆ. ಮೊದಲು ಹತ್ತು ಮಂದಿಯ ಮೇಲೆ ಪ್ರಯೋಗ ಮಾಡಿ, ಎಡವಿದ ಪ್ರಶ್ನೆಗಳನ್ನು ತಿದ್ದಿಕೊಂಡು ಆಮೇಲೆ ಹೊರಡು.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು. ಜೂನ್ ಬಂತೆಂದರೆ ಈ ಕರಾವಳಿಯಲ್ಲಿ ಬಡವರ ಮನೆಗಳಿಗೆಲ್ಲ ಹಣ ಬೇಕು. ಶಾಲೆಯ ಪುಸ್ತಕ, ಛತ್ರಿ, ಸೋರುವ ಸೂರು. ಜುಲೈನಲ್ಲಿ ಒಮ್ಮೆ ಮಾತ್ರ ಕೇಳಿದರೆ ಅದು ನಿಷೇಧದ ಸಾಲವೋ ಜೂನ್‌ನ ಸಾಲವೋ ಹೇಗೆ ಹೇಳುತ್ತೀ? ಅದೇ ಹೆಂಗಸರನ್ನು ಮೇ, ಜುಲೈ, ಅಕ್ಟೋಬರ್ ಮೂರೂ ತಿಂಗಳು ಕೇಳು. ಜೊತೆಗೆ ಅದೇ ಊರಿನ, ಮೀನಿನ ನಂಟಿಲ್ಲದ ಕೂಲಿ ಮನೆಗಳನ್ನೂ ಕೇಳಿ, ಎರಡೂ ಕಡೆ ಸಾಲ ಎಷ್ಟೆಷ್ಟು ಏರಿತೆಂದು ಹೋಲಿಸು. ಐಸ್ ಫ್ಯಾಕ್ಟರಿ, ಮೀನಿನ ಲಾರಿಗೆ ಹೋಗುವವರನ್ನು ಆ ಗುಂಪಿಗೆ ಸೇರಿಸಬೇಡ. ಅವರ ದುಡಿಮೆಯೂ ನಿಷೇಧದಲ್ಲಿ ನಿಲ್ಲುತ್ತದೆ. ಏರಿಕೆ ಎರಡೂ ಕಡೆ ಒಂದೇ ಆಗಿದ್ದರೆ ನಿನ್ನ ಊಹೆ ತಪ್ಪು ಎಂದು ಈಗಲೇ ಬರೆದಿಟ್ಟುಕೋ, ಉತ್ತರಗಳು ಕೈಸೇರುವ ಮೊದಲೇ.

ಇಷ್ಟು ಮಾಡಿದರೂ ಒಂದು ಉಳಿಯುತ್ತದೆ. ನಿಷೇಧವಿಲ್ಲದಿದ್ದರೂ ಆಷಾಢದ ಕಡಲಿಗೆ ಎಲ್ಲ ದೋಣಿಗಳೂ ಇಳಿಯುತ್ತಿರಲಿಲ್ಲ. ಅದನ್ನು ನಿನ್ನ ಈ ಅಧ್ಯಯನ ಬೇರ್ಪಡಿಸಲಾರದು. ಹಾಗಾಗಿ ಶೀರ್ಷಿಕೆಯಲ್ಲಿ "ನಿಷೇಧದಿಂದ" ಎಂಬುದನ್ನು ತೆಗೆದು "ನಿಷೇಧದ ಅವಧಿಯಲ್ಲಿ" ಎಂದು ಬರೆ. ನಿನ್ನ ಮಾರ್ಗದರ್ಶಕರು ಒಪ್ಪದಿದ್ದರೆ ಕಾರಣವನ್ನು ವಿವರಿಸಿ ಹೇಳು, ಹೆದರಬೇಡ.

ಏಪ್ರಿಲ್ ಕೊನೆಗೆ ಬಂದುಬಿಡು. ಬೈತಖೋಲದ ಮನೆಗಳ ಪಟ್ಟಿ ಬರೆಯಲು ನಾನೂ ಬರುತ್ತೇನೆ. ಬೆಳಿಗ್ಗೆ ಬೇಡ, ಪೇಟೆ ಮುಗಿಸಿ ಅವರು ಊಟ ಮಾಡಿ ಕುಳಿತಿರುವ ಹೊತ್ತಿಗೆ ಹೋಗೋಣ.

ನಿನ್ನ
ಆಯಿ