ಹೊಕ್ಕುಳಬಳ್ಳಿ ಕೊಟ್ಟವರಿಗೆ

ಮೊನ್ನೆ ಗುರುವಾರ ವೈವಾ ಮುಗಿಯಿತು. ಆರೂವರೆ ವರ್ಷದ ಪಿಎಚ್‌ಡಿ. ಗೈಡ್, ಲ್ಯಾಬಿನವರು, ಮನೆಯವರು ಎಲ್ಲರ ಹೆಸರೂ ಥೀಸಿಸ್‌ನಲ್ಲಿದೆ. ಹೆಸರೇ ಗೊತ್ತಿಲ್ಲದ 43 ತಾಯಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮನುಷ್ಯರ ಕೋಶಗಳಲ್ಲಿ ನ್ಯೂಕ್ಲಿಯರ್ ರಿಸೆಪ್ಟರ್‌ಗಳೆಂಬ 48 ಪ್ರೋಟೀನ್‌ಗಳಿವೆ. ಈಸ್ಟ್ರೊಜೆನ್, ಥೈರಾಯ್ಡ್ ಹಾರ್ಮೋನಿನಂಥವು ಬಂದು ಅಂಟಿಕೊಂಡರೆ ಜೀನ್‌ಗಳನ್ನು ಎಬ್ಬಿಸುವುದು, ಮಲಗಿಸುವುದು ಅವುಗಳ ಕೆಲಸ. ಯಾವ ಹಾರ್ಮೋನಿಗೆ ಸೇರಿದ್ದೆಂದು ತಿಳಿಯದೆ ಪತ್ತೆಯಾದವಕ್ಕೆ ‘ಅನಾಥ’ ಎಂಬ ಹೆಸರು ಬಿತ್ತು. (ನಾನು ಅನಾಥರ ಮೇಲೆ ಓದುತ್ತಿದ್ದೇನೆಂದು ಚಿಕ್ಕಮ್ಮ ಊರೆಲ್ಲ ಹೇಳಿ, ಯಾರೋ ಆಶ್ರಮದ ವಿಳಾಸ ಕೇಳಿದ್ದರು.)

ನನ್ನ ಪಾಲಿಗೆ ಬಂದ ಅನಾಥ ಕೂಪ್-ಟಿಎಫ್-ಟು. ರಕ್ತನಾಳ ಆರ್ಟರಿಯಾಗಲು (ಹೃದಯದಿಂದ ರಕ್ತ ಒಯ್ಯುವ ನಾಳ) ಅಕ್ಕಪಕ್ಕದ ಕೋಶಗಳ ನಡುವೆ ಸಾಗುವ ನಾಚ್ ಎಂಬ ಸಂಕೇತ ಬೇಕು, ಅದಿಲ್ಲದಿದ್ದರೆ ತಾನಾಗಿ ವೇನ್ (ಹೃದಯಕ್ಕೆ ರಕ್ತ ತರುವ ನಾಳ) ಆಗುತ್ತದೆ ಎಂದು ಮೊದಲು ಅಂದುಕೊಂಡಿದ್ದರು. 2005ರಲ್ಲಿ ಅಮೆರಿಕದ ಬೇಯ್ಲರ್ ಕಾಲೇಜಿನವರು ಇಲಿಗಳ ರಕ್ತನಾಳದ ಒಳಪದರದಿಂದ ಕೂಪ್-ಟಿಎಫ್-ಟುವಿನ ಜೀನನ್ನು ತೆಗೆದರು. ವೇನ್‌ಗಳಲ್ಲಿ ಆರ್ಟರಿಯ ಗುರುತುಗಳು ಮೂಡಿದವು! ವೇನ್ ವೇನಾಗಿ ಉಳಿಯಲೂ ಒಬ್ಬ ಕಾವಲುಗಾರ ನಾಚನ್ನು ಅದುಮಿ ಹಿಡಿದಿರಬೇಕು.

ಮನುಷ್ಯರಲ್ಲಿ ಇದನ್ನು ನೋಡಲು ನಮಗಿದ್ದ ದಾರಿ ಹೊಕ್ಕುಳಬಳ್ಳಿ. ಅದರಲ್ಲಿ ಆರ್ಟರಿ ಎರಡು, ವೇನ್ ಒಂದು. ವೇನ್‌ನೊಳಗೆ ಕೊಲಾಜಿನೇಸ್ ಎಂಬ ಕಿಣ್ವ ತುಂಬಿ, ತುದಿಗಳನ್ನು ಕಟ್ಟಿ, ಸ್ವಲ್ಪ ಹೊತ್ತು ಬೆಚ್ಚಗಿಟ್ಟರೆ ಒಳಪದರದ ಕೋಶಗಳು ಕಳಚಿಕೊಳ್ಳುತ್ತವೆ. ಅವನ್ನು ತಟ್ಟೆಯಲ್ಲಿ ಬೆಳೆಸಿ ಐದಾರು ಸಲ ತಟ್ಟೆ ಬದಲಿಸುವಷ್ಟರಲ್ಲಿ ಸೊರಗುತ್ತವೆ, ಮತ್ತೆ ಹೊಸ ಬಳ್ಳಿ ಬೇಕು. ಒಂದು ದೀಪಾವಳಿಗೆ ಊರಿಗೆ ಹೋಗಿ ಬಂದರೆ ಕೋಶಗಳನ್ನಿಡುವ ಇನ್‌ಕ್ಯುಬೇಟರಿನ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಖಾಲಿ, ಕೆಂಪಗಿರಬೇಕಾದ ಮೀಡಿಯಾ (ಕೋಶಗಳು ಬೆಳೆಯುವ ದ್ರವ) ನೇರಳೆ. ಆರು ಬಳ್ಳಿಗಳ ಕೋಶಗಳು ಹೋದವು. ಸಿಲಿಂಡರ್ ನೋಡಿ ಹೋಗಬೇಕಾಗಿದ್ದವಳು ನಾನೇ. ಆ ಆರು ತಾಯಂದಿರಲ್ಲಿ ಕ್ಷಮೆ ಕೇಳುತ್ತೇನೆ.

ರಾತ್ರಿ ಎರಡಕ್ಕೂ ಫೋನ್ ಮಾಡಿ “ಐಸ್ ಡಬ್ಬ ತಗೊಂಡು ಬಾರಮ್ಮ” ಎನ್ನುತ್ತಿದ್ದ ಹೆರಿಗೆ ವಾರ್ಡಿನ ಸಿಸ್ಟರ್‌ಗಳೇ, ನಿಮಗೆ ದೊಡ್ಡ ನಮಸ್ಕಾರ.

ಕೊನೆಗೆ ಒಬ್ಬ ಅಜ್ಜಿ, ಬಾಣಂತಿಯ ಅತ್ತೆ. ಸೊಸೆ ಆಗಲೇ ಸಹಿ ಹಾಕಿದ್ದಳು. “ಮಾಸಿನ ಜೊತೆ ಮಣ್ಣಿಗೆ ಸೇರಬೇಕಾದ್ದು. ಕೆಲಸ ಆದ್ಮೇಲೆ ವಾಪಸ್ ಕೊಡ್ತೀಯಾ?” ಎಂದು ಕೇಳಿದ್ದರು. ನಿಯಮದ ಪ್ರಕಾರ ಅದು ಆಸ್ಪತ್ರೆ ತ್ಯಾಜ್ಯದ ಹಳದಿ ಚೀಲಕ್ಕೆ ಹೋಗಬೇಕು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೋಗಲಿ ಬಿಡು, ತಗೋ” ಅಂದರು. ಅಜ್ಜೀ, ಕೂಪ್-ಟಿಎಫ್-ಟು ತಗ್ಗಿಸಿದಾಗ ಆರ್ಟರಿಯ ಜೀನ್ ಎದ್ದದ್ದನ್ನು ನಾನು ಮೊದಲು ಕಂಡದ್ದು ನಿಮ್ಮ ಮೊಮ್ಮಗಳ ಬಳ್ಳಿಯಲ್ಲೇ. ನಾಲ್ಕನೇ ಅಧ್ಯಾಯದ ಎರಡನೇ ಚಿತ್ರ ಅದರದೇ.